ಇದೀನಿ ಅಂದವರು ಯಾರು?

ಕರೆದ ತಕ್ಷಣ ಓಗೊಡುವವರನ್ನು ನಂಬಬಾರದು. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ನಾನೇ ಅಂಥವನು. ವಿಜಯನಗರದ ನಮ್ಮ ಮನೆಯಲ್ಲಿ ಅಮ್ಮ ಅಡುಗೆಮನೆಯಿಂದ "ಸಿಲಿಂಡರ್ ಬದಲಾಯಿಸ್ಬೇಕು, ಬಾರೋ" ಎನ್ನುವ ಮೊದಲೇ "ಬಂದೆ ಅಮ್ಮಾ" ಎಂದಿರುತ್ತೇನೆ. ಎಂದು, ಮಗ್ಗುಲು ಬದಲಾಯಿಸುತ್ತೇನೆ.

ಇಂಥ ನನಗೆ ರಾಜಾಜಿನಗರದ ಊದುಬತ್ತಿ ಕಂಪನಿಯೊಂದರಲ್ಲಿ ಸಿಕ್ಕಿದ್ದು ಕಂಪ್ಯೂಟರುಗಳನ್ನು ಕೂಗಿ ಮಾತಾಡಿಸುವ ಟ್ರೈನಿ ಕೆಲಸ. ಅದಕ್ಕೆ ಪಿಂಗ್ ಎನ್ನುತ್ತಾರೆ. ದೂರದ ರೂಟರಿನ ವಿಳಾಸದ ಅಂಕಿಗಳನ್ನು ಹೊಡೆದು "ಇದೀಯಾ?" ಎಂದು ಕೇಳುವುದು, ಅದು "ಇದೀನಿ" ಎಂದರೆ ಲೈನು ಸರಿಯಿದೆ ಎಂದು ಅರ್ಥ. ಉಳಿದ ಹೊತ್ತಿನಲ್ಲಿ ನಾನು ಆಫೀಸಿನವರ ದನಿ ಅನುಕರಿಸಿ ಜನರನ್ನು ನಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಕಂಪನಿಗೆ ನನ್ನಿಂದ ಆದ ಉಪಕಾರ ಅದೊಂದೇ. ಮ್ಯಾನೇಜರ್ ಪುಟ್ಟಸ್ವಾಮಿಯವರ ಕೆಮ್ಮು ನನಗೆ ಚೆನ್ನಾಗಿ ಬರುತ್ತಿತ್ತು. ಕೆಂಗೇರಿ ಗೋದಾಮು ನೋಡಿಕೊಳ್ಳುವ, ಗದಗ ಕಡೆಯ ಬಸವರಾಜನ ಮಾತು ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಆ ದಿನ ಪುಟ್ಟಸ್ವಾಮಿಯವರು ಕೆಮ್ಮಿ ಹೇಳಿದರು: "ಸಂಜೆಯೊಳಗೆ ಕೆಂಗೇರಿ ಲೈನ್ ಸರಿಯಾಗ್ಬೇಕು ಕಣಪ್ಪಾ. ಸರಿಯಾದ್ರೆ ನಿನ್ ಕೆಲಸ ಖಾಯಂ. ಇಲ್ದಿದ್ರೆ ಬೇರೆ ಕಡೆ ನೋಡ್ಕೋ."

ಪಿಂಗ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ! "ಸಾರ್, ಕೆಂಗೇರಿ ಮಾತಾಡ್ತು!" ಎಂದು ಸಾರಿಬಿಟ್ಟೆ. ಅಷ್ಟರಲ್ಲಿ ಬಸವರಾಜನ ಫೋನು.

"ಇಲ್ಲಿ ಏನೂ ಬರವಲ್ದ್ರೀ ಸರ."

"ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಅಣ್ಣಾ."

"ಮಾಡೀನ್ರೀ. ಇನ್ನ ಅದನ್ನ ಹೊತ್ಕೊಂಡು ಕುಣಿಯೋದೊಂದ ಉಳದೈತಿ."

ಕೊನೆಗೆ ನಾನೇ ಬಸ್ಸು ಹತ್ತಿದೆ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ನಿಂತೇ ಇತ್ತು. ಡ್ರೈವರ್ ಇಂಜಿನ್ ಆರಿಸಿ, ಕಿಟಕಿಯಿಂದ ಕೈ ಹೊರಹಾಕಿ, ವೈರಾಗ್ಯ ಬಂದವನಂತೆ ಕೂತ. ಒಬ್ಬರ ಬೆನ್ನಿಗೂ ಇನ್ನೊಬ್ಬರ ಟಿಫಿನ್ ಡಬ್ಬಿಗೂ ನಡುವೆ ಜೋತುಬಿದ್ದಿದ್ದ ನನಗೆ ಆಗ ಹೊಳೆಯಿತು: ಕೆಂಗೇರಿ ಇಷ್ಟು ದೂರವಿದ್ದರೆ, ಬೆಳಿಗ್ಗೆ ಅಷ್ಟು ಬೇಗ "ಇದೀನಿ" ಅಂದವರು ಯಾರು? ವಿದ್ಯುತ್ತಿಗೆ ಟ್ರಾಫಿಕ್ ಇಲ್ಲ, ಒಪ್ಪಿದೆ. ಆದರೂ ಒಂಚೂರು ಉಸಿರು ತೆಗೆದುಕೊಳ್ಳುವಷ್ಟಾದರೂ ಹೊತ್ತು ಬೇಡವೇ? ವಿಳಾಸ ನೆನಪಿಸಿಕೊಂಡೆ. ಕೊನೆಯ ಅಂಕಿ ತಪ್ಪು ಹೊಡೆದಿದ್ದೆ. ನಾನು ಕೂಗಿದ್ದು ನನ್ನ ಮೇಜಿನ ಕೆಳಗೇ ಇದ್ದ ನಮ್ಮದೇ ರೂಟರನ್ನು. ಕಾಲ ಬುಡದಲ್ಲಿ ಕೂತು ಅದು ಕೆಂಗೇರಿಯ ಪರವಾಗಿ ಉತ್ತರ ಕೊಟ್ಟಿತ್ತು.

ಗೋದಾಮಿನಲ್ಲಿ ಬಸವರಾಜನಿರಲಿಲ್ಲ. "ಆಗ್ಲೇ ಹೊರಗ್ ಹೋದ್ರು" ಎಂದರು ವಾಚ್‌ಮನ್. ಟೀ ಕುಡಿಯಲು ಹೋಗಿರಬೇಕು ಎಂದುಕೊಂಡೆ. ಊದುಬತ್ತಿ ಪೆಟ್ಟಿಗೆಗಳ ಹಿಂದೆ ರೂಟರಿನ ವೈರು ಕಿತ್ತುಬಂದು ನೇತಾಡುತ್ತಿತ್ತು. ಸೀನುತ್ತಾ ಸಿಕ್ಕಿಸಿ, ಅಂಕಿಗಳನ್ನು ಒಂದೊಂದಾಗಿ ಓದಿಕೊಂಡು ರಾಜಾಜಿನಗರವನ್ನು ಕರೆದೆ. ಈ ಸಲ ಉತ್ತರ ಸ್ವಲ್ಪ ತಡವಾಗಿ, ಏದುಸಿರು ಬಿಡುತ್ತಾ ಬಂತು. ಅಪ್ಪಟ ಉತ್ತರ! ಕೆಲಸ ಖಾಯಂ!

ಗೋದಾಮಿನ ಫೋನು ಹೊಡೆದುಕೊಂಡಿತು. ಪುಟ್ಟಸ್ವಾಮಿಯವರು. "ಸರಿಯಾಯ್ತಾ?"

"ಆಯ್ತು ಸಾರ್."

"ಬೆಳಿಗ್ಗೇನೂ ಹಿಂಗೇ ಅಂದೆ. ಬಸವರಾಜಂಗೆ ಕೊಡು, ಅವನ್ ಬಾಯಲ್ಲೇ ಕೇಳ್ತೀನಿ."

ಬಸವರಾಜ ಟೀ ಮುಗಿಸಿ ಬರುವವರೆಗೆ ಕಾಯಬಹುದಿತ್ತು. ಆದರೆ ಸೊಂಟ ನೋಯುತ್ತಿತ್ತು, ಹಸಿವಾಗಿತ್ತು. ಅಲ್ಲದೆ ಹೇಳಬೇಕಾಗಿದ್ದದ್ದು ಅಪ್ಪಟ ಸತ್ಯವೇ ತಾನೇ? ಗಂಟಲು ಬದಲಾಯಿಸಿದೆ. "ನಮಸ್ಕಾರ್ರೀ ಸರ, ಈಗ ಎಲ್ಲಾ ಬರಾಕತ್ತೈತ್ರೀ!"

ಆ ಕಡೆ ಒಂದು ಕೆಮ್ಮು. "ಉತ್ತರ ಬಹಳ ಬೇಗ ಬಂತಲ್ಲಪ್ಪಾ. ಲೈನ್ ಇಲ್ಲ ಅಂತ ಬಸವರಾಜ ಫ್ಲಾಪಿಯಲ್ಲಿ ಸ್ಟಾಕ್ ಲೆಕ್ಕ ತುಂಬ್ಕೊಂಡು ಬಂದು, ನನ್ ಎದುರಿಗೇ ಕಾಫಿ ಕುಡೀತಾ ಇದಾನೆ."

ಫೋನಿನಲ್ಲಿ ಅವರ ಹಿಂದಿನಿಂದ, ನಾನು ಅಷ್ಟು ದಿನ ಅನುಕರಿಸಿದ ಆ ದನಿ, ಈ ಸಲ ಅಸಲಿಯೇ, ಕೇಳಿಸಿತು: "ಚಲೋ ಮಾತಾಡ್ತಾನ್ರೀ ಸರ. ಅವನ್ನ ಅಲ್ಲೇ ಇಡ್ರಿ, ಫೋನ್ ಎತ್ತಾಕ ನಾ ಇನ್ನ ಹೋಗೋದ ಬ್ಯಾಡ."

ಲೈನು ಖಾಯಂ ಆಯಿತು, ನಾನು ಇನ್ನೂ ಟ್ರೈನಿಯೇ. ಈಗ ಅಮ್ಮ ಕರೆದರೆ ಸ್ವಲ್ಪ ತಡೆದೇ "ಬಂದೆ" ಎನ್ನುತ್ತೇನೆ. ಹೋಗುವುದಕ್ಕಲ್ಲ. ನಂಬಿಕೆ ಬರಲಿ ಎಂದು.