ಮಾವನ ಕಾರು ಹಾರಿಸಿದ ಜೋಡಿ ಗುಂಡು

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪೆಟ್ರೋಲ್ ಎಂಜಿನ್ ಹೇಗೆ ಓಡುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ವಿರಾಜಪೇಟೆ ಸುತ್ತಮುತ್ತ ಯಾರೂ ಇಲ್ಲ ಎಂಬುದು ನನ್ನ ನಂಬಿಕೆ. ನನ್ನ ಹಲಗೆಯ ಎಂಜಿನ್ ಇವತ್ತಿನವರೆಗೆ ಒಮ್ಮೆಯೂ ಕೆಟ್ಟು ನಿಂತಿಲ್ಲ. ಆದ್ದರಿಂದ ಮಾವನ ಹಳೆಯ ಅಂಬಾಸಿಡರ್ ಕಾರು ಏರಿನಲ್ಲಿ ಕೆಮ್ಮತೊಡಗಿದಾಗ, "ನಾನು ನೋಡ್ತೇನೆ ಬಿಡಿ" ಎನ್ನುವ ಸಂಪೂರ್ಣ ಅರ್ಹತೆ ನನಗಿದೆ ಎಂದೇ ಭಾವಿಸಿದೆ.

ಮಾವ ಅಂದರೆ ಸುಬ್ಬಯ್ಯನವರು, ನನ್ನ ಹೆಂಡತಿ ದೇಚಮ್ಮನ ಅಪ್ಪ. ಎಂಬತ್ತು ದಾಟಿದ ಕೊಡವರು. ನಾನು ಶನಿವಾರಸಂತೆ ಕಡೆಯವನು. ಹಂದಿ ಮಾಂಸ ತಿನ್ನದ, ಕೋವಿ ಮುಟ್ಟದ ಅಳಿಯನನ್ನು ಈ ಮನೆ ಇಷ್ಟು ವರ್ಷ ಹೇಗೋ ಸಹಿಸಿಕೊಂಡು ಬಂದಿದೆ. ನನ್ನ ಜೊತೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಬಗ್ಗೆ ಮಾತಾಡುವಾಗ ಮಾತ್ರ ಕೊಡವ ಭಾಷೆಗೆ ಹೋಗುತ್ತಾರೆ.

ಮಾವ ಆಗಷ್ಟೇ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಬಂದವರಿಗೆ ಒಂದೇ ಆಸೆ. ಬಿಟ್ಟಂಗಾಲದಲ್ಲಿರುವ ಅಕ್ಕ ಪೂವಮ್ಮನನ್ನು ನೋಡಬೇಕು, ಅದೂ ತನ್ನದೇ ಕಾರಿನಲ್ಲಿ ಹೋಗಿ. ತಾಯಿ ತೀರಿಕೊಂಡಾಗ ಮಾವ ಇನ್ನೂ ತೊಟ್ಟಿಲಿನ ಮಗು. ಎತ್ತಿ ಸಾಕಿದ್ದು ಈ ಅಕ್ಕನೇ. ಅವರಿಗೀಗ ತೊಂಬತ್ತರ ಹತ್ತಿರ, ಹೃದಯ ಬಹಳ ದುರ್ಬಲ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಯಾವ ಸುದ್ದಿಯನ್ನೂ ಅವರಿಗೆ ಥಟ್ಟನೆ ಹೇಳಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಕರಿಮೆಣಸಿನ ರೇಟು ಇಳಿದರೆ ಆ ಮನೆಯವರು ಮೊದಲು ಒಂದು ಲೋಟ ಕಾಫಿ ಕೊಟ್ಟು, ಆಮೇಲೆ ಮೆಲ್ಲಗೆ ತಿಳಿಸುತ್ತಾರೆ.

ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ತಂಗಿಯ ಮದುವೆಗೆಂದು ಕೇರಳಕ್ಕೆ ಹೋಗಿದ್ದ. ಅವನು ಬರುವ ತನಕ ಕಾಯುವ ಎಂದಳು ದೇಚು. ನಾನು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಹಳೆಯ ಬನಿಯನ್ ತೊಟ್ಟು, ಬಾನೆಟ್ ಎತ್ತಿ, ರೋಗಿಯನ್ನು ಪರೀಕ್ಷಿಸಿ, ಇದು ಟೈಮಿಂಗಿನ ದೋಷ ಎಂದು ಘೋಷಿಸಿದೆ.

ಎಂಜಿನ್ನಿನ ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿ ಇರುತ್ತದೆ. ಕರಿಯ ಮುಚ್ಚಳ, ಅದರ ತಲೆಯಿಂದ ಹೊರಟ ವೈರುಗಳು. ಯಾವ ಸಿಲಿಂಡರಿಗೆ ಯಾವಾಗ ಕಿಡಿ ಹೋಗಬೇಕೆಂದು ನೋಡಿಕೊಳ್ಳುವುದು ಅದೇ. ಬುಡದ ಬೋಲ್ಟು ಸಡಿಲಿಸಿ ಡಬ್ಬಿಯನ್ನು ಈ ಕಡೆ ಕೊಂಚ ತಿರುಗಿಸಿದರೆ ಕಿಡಿ ಬೇಗ, ಆ ಕಡೆ ತಿರುಗಿಸಿದರೆ ತಡ. ಇಷ್ಟೇ ವಿದ್ಯೆ. ನಾನು ಜಾಣ. ಸಡಿಲಿಸುವ ಮೊದಲು ಡಬ್ಬಿ ಇದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ನಾನು ಶುಚಿತ್ವದ ಮನುಷ್ಯನೂ ಹೌದು. ಕೆಲಸಕ್ಕೆ ಮುನ್ನ ಸೀಮೆಎಣ್ಣೆ ಬಟ್ಟೆಯಿಂದ ಆ ಭಾಗವನ್ನೆಲ್ಲ ಫಳಫಳ ಒರೆಸಿದೆ. ಗುರುತೂ ಹೋಯಿತು.

ಹೋದರೆ ಹೋಗಲಿ, ಕಿವಿ ಇದೆಯಲ್ಲ ಎಂದುಕೊಂಡು ದೇಚುವನ್ನು ಕರೆದು ಸ್ಟೇರಿಂಗಿನ ಮುಂದೆ ಕೂರಿಸಿದೆ. ನಾನು ಹೇಳಿದಾಗ ಕೀ ತಿರುಗಿಸುವುದು ಅವಳ ಕೆಲಸ. ಮೊದಲ ಸಲ ಕಾರ್ಬುರೇಟರ್ ನನ್ನ ಮುಖಕ್ಕೆ ಸರಿಯಾಗಿ ಉಗಿಯಿತು. ಕಿಡಿ ಬೇಗವಾಯಿತು ಎಂದು ತೀರ್ಮಾನಿಸಿ ಡಬ್ಬಿಯನ್ನು ಆ ಕಡೆ ತಿರುಗಿಸಿದೆ. ಸಾಲದು ಅನ್ನಿಸಿತು. ಇನ್ನೂ ತಿರುಗಿಸಿದೆ. ಎಂಜಿನ್ ಗೊರಗೊರ ಸುತ್ತಿತು, ಹತ್ತಿಕೊಳ್ಳಲಿಲ್ಲ. ಉರಿಯದ ಪೆಟ್ರೋಲೆಲ್ಲ ಸೈಲೆನ್ಸರಿಗೆ ಹೋಗಿ ಸೇರಿಕೊಳ್ಳುತ್ತಿದೆ ಎಂಬ ಸಂಗತಿ ಪಾಠದಲ್ಲಿತ್ತು, ತಲೆಯಲ್ಲಿರಲಿಲ್ಲ. ಇನ್ನೊಮ್ಮೆ ತಿರುಗಿಸು ಎಂದೆ.

ಢಂ! ಢಂ!

ಸಿಲ್ವರ್ ಓಕ್ ಮರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಅಂತೂ ಕಿಡಿ ಬರುತ್ತಿದೆ ಎಂದು ನನಗೆ ಖುಷಿಯೇ ಆಯಿತು. ಆದರೆ ದೇಚು ಸ್ಟೇರಿಂಗ್ ಹಿಡಿದು ಕಲ್ಲಾಗಿ ಕೂತಿದ್ದಳು. "ಎರಡು" ಎಂದಳು.

ಆಗ ನನಗೂ ಹೊಳೆಯಿತು. ಇಲ್ಲಿ ಮನೆಯಂಗಳದಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಹೊರಡಬೇಕು. ಮನೆಯಲ್ಲಿ ಆಸ್ಪತ್ರೆಯಿಂದ ಬಂದ ಮುದುಕರು ಇದ್ದಾರೆಂದು ಇಡೀ ಊರಿಗೆ ಗೊತ್ತು. ಹಾಗಿರುವಾಗ ಸತ್ತವರು ಯಾರು ಎಂದು ಯಾರೂ ಕೇಳಬೇಕಾಗಿಯೇ ಇರಲಿಲ್ಲ.

ಮಾವನಿಗೆ ತಿಳಿಸುವ ಎಂದು ಒಳಗೆ ಓಡಿದರೆ ಅವರು ಸಾವಿನ ಮನೆಗೆ ಹೋಗುವ ಬಿಳಿ ಅಂಗಿ ತೊಟ್ಟು ಊರುಗೋಲು ಹುಡುಕುತ್ತಿದ್ದಾರೆ. ಗುಂಡು ಅವರಿಗೂ ಕೇಳಿಸಿತ್ತು. ಗದ್ದೆಯಾಚೆಯ ನಂಜಪ್ಪನಿಗೆ ನಿನ್ನೆಯಿಂದ ಜ್ವರ, ಅವನೇ ಹೋಗಿರಬೇಕು ಎಂದು ಕಣ್ಣೊರೆಸಿಕೊಂಡು, ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ ಹೊರಟೇಬಿಟ್ಟರು. ಗೇಟಿನ ಹತ್ತಿರ ಎದುರಿನಿಂದ ನಂಜಪ್ಪಣ್ಣ ಬಂದರು. ಅವರೂ ಬಿಳಿ ಅಂಗಿ ತೊಟ್ಟಿದ್ದರು, ಅವರ ಕಣ್ಣೂ ಒದ್ದೆಯಾಗಿತ್ತು. ಒಬ್ಬರ ಸಾವಿಗೆ ಒಬ್ಬರು ಹೊರಟ ಇಬ್ಬರು ಗೆಳೆಯರು ದಾರಿಯ ಮಧ್ಯೆ ನಿಂತು ಒಬ್ಬರನ್ನೊಬ್ಬರು ನೋಡಿದರು.

ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ವಿವರಣೆಯ ಅಗತ್ಯ ಬೀಳಲಿಲ್ಲ.

ನಂಜಪ್ಪಣ್ಣ ನಕ್ಕರು, ಮಾವನೂ ನಕ್ಕರು. ನಾನೂ ನಗಲು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ನಂಜಪ್ಪಣ್ಣನ ನಗು ನಿಂತುಹೋಯಿತು.

"ಸುಬ್ಬಯ್ಯಣ್ಣ, ಒಂದು ತಪ್ಪಾಯ್ತಲ್ಲ. ಪೂವಮ್ಮಕ್ಕನಿಗೆ ಹೇಳಲಿಕ್ಕೆ ಬೋಪಣ್ಣನನ್ನು ಜೀಪಲ್ಲಿ ಕಳಿಸಿಬಿಟ್ಟೆ. ಫೋನಲ್ಲಿ ಕೇಳಿದರೆ ಅವರು ತಡಕೊಳ್ಳುವುದಿಲ್ಲ, ಎದುರು ಕೂತು ಮೆಲ್ಲಗೆ ಹೇಳು ಅಂದೆ."

ಬೋಪಣ್ಣ ನಂಜಪ್ಪಣ್ಣನ ತಮ್ಮ. ಫೋನ್ ಇದೆ, ಆದರೆ ಅದು ಸದಾ ಮನೆಯಲ್ಲೇ ಚಾರ್ಜಿಗೆ ಇರುತ್ತದೆ. ದೇಚು ಬಿಟ್ಟಂಗಾಲದ ಮನೆಗೆ ಫೋನ್ ಮಾಡಿದಳು. ಹಿಂದಿನ ದಿನದ ಗಾಳಿಗೆ ಅಲ್ಲಿ ಕರೆಂಟ್ ಹೋಗಿ, ಟವರೂ ಸತ್ತಿತ್ತು. ಮಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಅಕ್ಕ ಹೋಗಿಬಿಡ್ತಾಳೆ" ಎಂದರು. ಕಾಯುವ ಅಂದರೂ ಕೇಳದೆ ಒಂದು ಬೋಲ್ಟು ಸಡಿಲಿಸಿ ನಾನು ಒಬ್ಬ ಹಿರಿಯ ಜೀವವನ್ನೇ ತೆಗೆಯುವವನಿದ್ದೆ.

ಪೇಟೆಯಿಂದ ಆಟೋ ಕರೆಸುವ ಎಂದೆ. ಅದು ಬರುವ ತನಕ ಯಾರು ಕಾಯುವುದು ಎಂದು ಮಾವ ಹೋಗಿ ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕೂತರು. ಈ ಕಾರನ್ನು ದಾರಿಯವರೆಲ್ಲ ಬಲ್ಲರು, ಅದರಲ್ಲಿ ತಾನು ಕೂತಿರುವುದನ್ನು ನೋಡಿದರೆ ಸುದ್ದಿ ಅಲ್ಲಲ್ಲೇ ಸಾಯುತ್ತದೆ ಎಂದು ಅವರ ವಾದ. ನಾನು ಡಬ್ಬಿಯನ್ನು ಅಂದಾಜಿನ ಮೇಲೆ ತುಸು ಹಿಂದಕ್ಕೆ ತಿರುಗಿಸಿ ಬೋಲ್ಟು ಬಿಗಿದೆ. ಕಾರು ಹೇಗೋ ಹತ್ತಿಕೊಂಡಿತು. ದೇಚು ಹಿಂದಿನ ಸೀಟಿನಲ್ಲಿ ಕೂತು, ಸಿಗ್ನಲ್ ಸಿಗಲೆಂದು ಫೋನನ್ನು ಕಿಟಕಿಯ ಹೊರಗೆ ಹಿಡಿದಳು.

ಏರಿನಲ್ಲಿ ಕಾರು ಅಳುತ್ತಾ ತೆವಳಿತು. ಅದನ್ನಾದರೂ ಸಹಿಸಬಹುದಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಢಂ, ಢಂ. ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಿಂದ ಜನ ಹೊರಗೆ ಬಂದರು. ಮುಂದಿನ ತಿರುವಿನಲ್ಲಿ ಮತ್ತೆ ಎರಡು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಸ್ಕೂಟರ್ ನಿಲ್ಲಿಸಿ ಟೋಪಿ ತೆಗೆದರು. ಅವರ ಎದುರಿಗೇ ಮಾವ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ, ಎಲೆಕ್ಷನ್ನಿಗೆ ನಿಂತವರ ಹಾಗೆ ಕೈ ಬೀಸಿದರು. ಪಾಪ, ಆ ಮನುಷ್ಯ ಟೋಪಿ ಹಾಕಿಕೊಳ್ಳುವುದೋ ಬೇಡವೋ ತಿಳಿಯದೆ ಅದನ್ನು ಎದೆಯ ಹತ್ತಿರವೇ ಹಿಡಿದುಕೊಂಡು ನಿಂತರು. ಒಂದು ಮನೆಯ ಮುಂದೆ ಮಾತ್ರ ಒಂದೇ ಸದ್ದು ಬಂತು. ಒಂದು ಗುಂಡು ಹಾರಿದರೆ ಗಂಡು ಮಗು ಹುಟ್ಟಿದ ಲೆಕ್ಕ. ಆ ಮನೆಯವರು ಯಾರ ಯೋಗಕ್ಷೇಮ ವಿಚಾರಿಸಲು ಎಲ್ಲಿಗೆ ಹೊರಟರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವಿರಾಜಪೇಟೆಯ ಪೇಟೆಬೀದಿಯಲ್ಲಿ ಕೇರಳದ ಬಸ್ಸೊಂದು ಅಡ್ಡ ನಿಂತಿತ್ತು. ಹಾರ್ನ್ ಒತ್ತಿದೆ. ಹಾರ್ನ್ ಕೆಲಸ ಮಾಡಲಿಲ್ಲ. ಸೈಲೆನ್ಸರ್ ಮಾಡಿತು. ಬೀದಿ ತಾನಾಗಿ ತೆರವಾಯಿತು.

ಪೇಟೆ ದಾಟಿದ ಮೇಲಿನ ಏರಿನಲ್ಲಿ ಕಾರು ನಿಂತೇಹೋಯಿತು. ಬಾನೆಟ್ ಎತ್ತಿದರೆ ಬೆಂಕಿಯ ಹಾಗೆ ಬಿಸಿ. ಈಗ ಕಿಡಿಯನ್ನು ಬೇಗ ಮಾಡಬೇಕೋ ತಡ ಮಾಡಬೇಕೋ ಎಂಬುದೇ ನನಗೆ ಮರೆತುಹೋಗಿತ್ತು. ಬೋಪಣ್ಣ ಈಗ ಗೇಟಿನೊಳಗೆ ಹೋಗಿರುತ್ತಾನೆ, ಈಗ ಎದುರು ಕೂತಿರುತ್ತಾನೆ, ಈಗ ಬಾಯಿ ತೆರೆದಿರುತ್ತಾನೆ ಎಂದು ಮನಸ್ಸು ಓಡುತ್ತಿತ್ತು. ಸೀಟಿನಲ್ಲಿದ್ದ ಮಾವ ಎದೆ ಒತ್ತಿಕೊಂಡಿದ್ದರು. ದೇಚು ಇಳಿದು ಬಂದು ನನ್ನ ಪಕ್ಕ ನಿಂತಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಬೋಲ್ಟಿಗೆ ಸ್ಪ್ಯಾನರ್ ಹಾಕಿ ಸಡಿಲಿಸಿದೆ, ಸ್ಪ್ಯಾನರ್ ಜಾರಿತು. ಜಾರಿ ಡಬ್ಬಿಗೆ ಬಡಿಯಿತು. ಡಬ್ಬಿ ಒಂದು ಕೂದಲೆಳೆ ಸರಿಯಿತು. ಏನಾದರಾಗಲಿ ಎಂದು ಅಲ್ಲೇ ಬಿಗಿದು ದೇಚುವಿಗೆ ಕೀ ತಿರುಗಿಸಲು ಹೇಳಿದೆ. ಎಂಜಿನ್ ಹೊಸ ಕಾರಿನ ಹಾಗೆ ಗುಂಯ್ ಎಂದಿತು. ಮಾವ ಕತ್ತು ಚಾಚಿ ಕೇಳಿ, "ಈಗ ಸರಿಯಾಯ್ತು. ಮೇಷ್ಟ್ರೇ, ದಯವಿಟ್ಟು ಇನ್ನು ಅದನ್ನು ಮುಟ್ಟಬೇಡಿ" ಎಂದರು. ನಾನು ಬಾನೆಟ್ ಮುಚ್ಚಿ ಎರಡು ಹೆಜ್ಜೆ ದೂರ ನಿಂತೆ. ಉಳಿದ ದಾರಿ ದೇಚುವೇ ಓಡಿಸಿದಳು.

ಬಿಟ್ಟಂಗಾಲದ ಮನೆಯ ಅಂಗಳದಲ್ಲಿ ಬೋಪಣ್ಣನ ಜೀಪು ಆಗಲೇ ನಿಂತಿತ್ತು. ಮನೆಯೊಳಗಿಂದ ಒಂದು ಸದ್ದೂ ಇಲ್ಲ. ಅಳು ಕೇಳಿಸಿದ್ದರೆ ಅಳುವವರಾದರೂ ಇದ್ದಾರೆ ಎಂದು ಸಮಾಧಾನವಾಗುತ್ತಿತ್ತು. ಮಾವ ಊರುಗೋಲನ್ನು ಕಾರಿನಲ್ಲೇ ಬಿಟ್ಟು, "ಅಕ್ಕ, ನಾನು ಬಂದೆ" ಎನ್ನುತ್ತಾ ಮೆಟ್ಟಿಲು ಹತ್ತಿದರು. ನಾನು ಅವರ ಬೆನ್ನ ಹಿಂದೆ ಅಡಗಿಕೊಂಡೇ ಒಳಗೆ ಹೋದೆ.

ಪೂವಮ್ಮತ್ತೆ ಊಟದ ಮೇಜಿನ ಮುಂದೆ ಕೂತು ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದರು. ಎದುರಿಗೆ ಬೋಪಣ್ಣ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ. ಮಾವನನ್ನು ನೋಡಿ ಅವನು ಕುರ್ಚಿಯಿಂದ ಬೀಳುವುದೊಂದು ಬಾಕಿ.

"ಬಾ ಸುಬ್ಬಯ್ಯ, ನೀನು ಯಾಕೆ ಬರಲಿಕ್ಕೆ ಹೋದೆ? ನಾನೇ ಊಟ ಮುಗಿಸಿ ಹೊರಡುವ ಅಂತಿದ್ದೆ" ಎಂದರು ಪೂವಮ್ಮತ್ತೆ. ಮಾವ ಅವರ ಪಕ್ಕದಲ್ಲಿ ಕುಸಿದು ಕೂತು, ಅವರ ಎಡಗೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಅವರು ಸರಿದ ಮೇಲೆ ಹಿಂದಿದ್ದ ನಾನು ಕಾಣಿಸಿದೆ. ಪೂವಮ್ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬೋಪಣ್ಣನ ಕಡೆ ತಿರುಗಿ, "ಇವರು ಇಲ್ಲೇ ಇದ್ದಾರಲ್ಲ?" ಎಂದರು.

ಬೋಪಣ್ಣ ಎದ್ದು ಬಂದು ನನ್ನನ್ನು ಬಾಗಿಲ ಬಳಿ ಎಳೆದು, ಬಹಳ ಸಂಕೋಚದಿಂದ ಹೇಳಿದ.

"ಸುಬ್ಬಯ್ಯಣ್ಣ ಹೋದರು ಅಂತ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ ಮೇಷ್ಟ್ರೇ. ಮೊದಲು ಚಿಕ್ಕ ಸುದ್ದಿ ಹೇಳಿ ಮನಸ್ಸು ಗಟ್ಟಿಯಾದ ಮೇಲೆ ದೊಡ್ಡದು ಹೇಳುವ ಅಂತ ಮಾಡಿದೆ. ಅದಕ್ಕೇ ನೀವು ಹೋದಿರಿ ಅಂದೆ."

ದೇಚುವಿಗೆ ಮಾತ್ರ ಇನ್ನೂ ಭಯ ಹೋಗಿರಲಿಲ್ಲ. ಬಿ.ಪಿ. ನೋಡುವ ಮಿಷನ್ ತಂದು ಪೂವಮ್ಮತ್ತೆಯ ತೋಳಿಗೆ ಕಟ್ಟಿ ನೋಡಿದಳು. ಇನ್ನೊಮ್ಮೆ ನೋಡಿದಳು. ಅಳಿಯನ ಸಾವಿನ ಸುದ್ದಿ ಕೇಳಿ ಅರ್ಧ ಗಂಟೆ ಕಳೆದರೂ ಬಿ.ಪಿ. ಬೆಳಿಗ್ಗೆ ಮನೆಯವರು ನೋಡಿದಾಗ ಎಷ್ಟಿತ್ತೋ ಅಷ್ಟೇ ಇತ್ತು. ಡಾಕ್ಟರು ನೋಡಿದ್ದರೆ ಬಹಳ ಸಂತೋಷಪಡುತ್ತಿದ್ದರು. ಕೈ ತೊಳೆದು ಊಟಕ್ಕೆ ಬನ್ನಿ ಎಂದು ಪೂವಮ್ಮತ್ತೆ ಕರೆದರು, ನಾನು ಗ್ರೀಸಿನ ಕೈ ತೊಳೆಯಲು ಹಿತ್ತಲಿಗೆ ಹೋದೆ.