ಗಾಜಿನೊಳಗಿನ ಬೊಂಬೆಯವರಿಗೆ, ಅವರ ಬೆನ್ನಿನ ವಿಷಯವಾಗಿ

ಬಟ್ಟೆ ಅಂಗಡಿಯ ಮುಂಗಾಜಿನಲ್ಲಿ ಒಂದು ದಿನವೂ ರಜೆ ಹಾಕದೆ ನಿಂತೇ ಸೇವೆ ಸಲ್ಲಿಸುತ್ತಿರುವ ಮಾನ್ಯ ಬೊಂಬೆಯವರೇ,

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್‌ಸ್ಪೆಕ್ಟರ್ ಆಗಿರುವ ಈ ಬಡಪಾಯಿಯ ಸವಿನಯ ವಂದನೆಗಳನ್ನು ಸ್ವೀಕರಿಸಬೇಕು. ತಮಗೆ ಕುತ್ತಿಗೆಯಿಂದ ಮೇಲೆ ಏನೂ ಇಲ್ಲವೆಂಬುದನ್ನು ಗಮನಿಸಿದ್ದೇನೆ. ಆದರೆ ತಲೆಯಿಲ್ಲದವರಿಗೆ ಅರ್ಜಿ ಬರೆದು ಉತ್ತರಕ್ಕೆ ಕಾಯುವುದು ನನ್ನಂಥ ಸರ್ಕಾರಿ ನೌಕರನಿಗೆ ಹೊಸದಲ್ಲವಾದ್ದರಿಂದ ಸಂಕೋಚವಿಲ್ಲದೆ ಮುಂದುವರಿಯುತ್ತೇನೆ.

ಮೊದಲು ನನ್ನ ಆಕಾರವನ್ನು ತಮ್ಮ ಅವಗಾಹನೆಗೆ ತರಬೇಕು. ದೇವರು ನನಗೆ ಹೆಗಲು ಕೊಡುವಾಗ ಕೈ ಬಿಗಿಹಿಡಿದು, ಹೊಟ್ಟೆ ಕೊಡುವಾಗ ಧಾರಾಳಿಯಾಗಿಬಿಟ್ಟ. ಹೊಟ್ಟೆಗೆ ಹಿಡಿಸುವ ಅಂಗಿ ಹೆಗಲಿನಿಂದ ಜಾರಿ ಮೊಣಕೈಯ ಯೋಗಕ್ಷೇಮ ವಿಚಾರಿಸಲು ಹೊರಡುತ್ತದೆ. ಹೆಗಲಿಗೆ ಸರಿಹೋಗುವ ಅಂಗಿಯಲ್ಲಿ ಗುಂಡಿಗೂ ಕಾಜಕ್ಕೂ ಈ ಜನ್ಮದಲ್ಲಿ ಭೇಟಿಯಿಲ್ಲ. ಉದ್ದುದ್ದ ಪಟ್ಟೆ ಹಾಕಿದರೆ ಸಪೂರ ಕಾಣುತ್ತೀರೆಂದು ಅತ್ತಿಗೆಯವರು ವಾರಪತ್ರಿಕೆ ಓದಿ ಹೇಳಿದರು. ಹಾಕಿದೆ. ಹೆಗಲಿನಿಂದ ನೆಟ್ಟಗೆ ಹೊರಟ ಪಟ್ಟೆಗಳು ಹೊಟ್ಟೆಯ ಹತ್ತಿರ ಬಂದು, ಬಂಡೆ ಕಂಡ ನೀರಿನಂತೆ ಅತ್ತಿತ್ತ ಹರಿದುಹೋದವು. ಕಡು ಬಣ್ಣದಲ್ಲಿ ಹೊಟ್ಟೆ ಅಡಗುತ್ತದೆಂದು ಭಾವಮೈದ ಹೇಳಿದ್ದಕ್ಕೆ ಕಪ್ಪು ಅಂಗಿಯನ್ನೂ ತೊಟ್ಟೆ. ಅಡಗಿದ್ದು ನಾನು, ಹೊಟ್ಟೆಯಲ್ಲ. ಕೊನೆಗೆ ಬಣ್ಣಗೆಟ್ಟ ಹಳೆಯ ದೊಗಲೆ ಅಂಗಿಯೇ ಗತಿಯೆಂದು ನೆಮ್ಮದಿಯಾಗಿದ್ದೆ.

ಅಷ್ಟರಲ್ಲಿ ನಮ್ಮ ಮಗಳು ನರ್ಸಿಂಗ್ ಓದು ಮುಗಿಸಿದಳು. ಪ್ರಮಾಣಪತ್ರ ಕೊಡುವ ಸಮಾರಂಭಕ್ಕೆ ತಂದೆತಾಯಿಯರೂ ಬರಬೇಕೆಂದು ಕಾಲೇಜಿನಿಂದ ಆಹ್ವಾನ ಬಂತು. ಆ ದಿನ ಅಡುಗೆಮನೆಯಲ್ಲಿ ಅವಳು ತಾಯಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅಪ್ಪ ಆ ಅಂಗೀಲಿ ಬಂದ್ರೆ ಎಲ್ಲರೂ ನಗ್ತಾರಮ್ಮ. ನೀನೊಬ್ಬಳೇ ಬಾ." ಯಾರು ಏನಂದರೂ ಹೊಟ್ಟೆಗೆ ಹಾಕಿಕೊಳ್ಳುವ ಅಭ್ಯಾಸ ನನ್ನದು, ಜಾಗಕ್ಕೂ ಕೊರತೆಯಿಲ್ಲ; ಆದರೆ ಆ ಮಾತು ಮಾತ್ರ ಒಳಗೆ ಇಳಿಯಲಿಲ್ಲ. ತುಂಬ ನೋವಾಯಿತು. ಹೇಗಾದರೂ ಮಾಡಿ ಆ ಸಭೆಯಲ್ಲಿ ಮಗಳು ತಲೆಯೆತ್ತಿ ನಿಲ್ಲುವಂಥ ಅಪ್ಪನಾಗಬೇಕೆಂದು ಮನೆಯಿಂದ ಹೊರಟೆ.

ಆಗ ತಮ್ಮ ದರ್ಶನವಾಯಿತು. ತಿಳಿನೀಲಿ ಅಂಗಿ, ಹೆಗಲ ಮೇಲೆ ಗೆರೆ ಕೊರೆದಂತೆ ಕೂತ ಹೊಲಿಗೆ, ಒಂದು ಸುಕ್ಕಿಲ್ಲ. ಈ ಮಾದರಿ ಎಂಥವರಿಗೂ ಒಪ್ಪುತ್ತದೆಂದು ಮಾರಾಟದ ಹೆಂಗಸು, 'ಎಂಥವರಿಗೂ' ಎನ್ನುವಾಗ ನನ್ನನ್ನೊಮ್ಮೆ ನೋಡಿ, ಭರವಸೆ ಕೊಟ್ಟರು. ತಮ್ಮನ್ನು ನೋಡಿದ ಮೇಲೆ ತೊಟ್ಟು ನೋಡುವುದೇನಿದೆ ಎಂದು ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ತೊಟ್ಟರೆ ಅದೇ ರಾಗ ಅದೇ ಹಾಡು; ಅಂಗಿ ಮೊಣಕೈ ಕಡೆಗೆ ಹೊರಟೇಬಿಟ್ಟಿತು. ಹಿಂದಿರುಗಿಸಲು ಓಡಿಬಂದಾಗ, ಮಾರಿದ ಮಾಲು ವಾಪಸಿಲ್ಲ ಎಂಬ ಫಲಕದ ಕೆಳಗೆ ಆ ಹೆಂಗಸು ಧೂಳು ಒರೆಸಲೆಂದು ತಮ್ಮನ್ನು ಆಚೆ ತಿರುಗಿಸಿದ್ದರು. ತಮ್ಮ ಬೆನ್ನಿನ ತುಂಬ ಸಾಲಾಗಿ, ಅಂಗಿಯನ್ನು ಹಿಂದಕ್ಕೆಳೆದು ಹಿಡಿದ ಹನ್ನೊಂದು ಕ್ಲಿಪ್ಪುಗಳು. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಅಯಸ್ಕಾಂತವನ್ನು ಬೆರಳಿನಿಂದಲೇ ಪತ್ತೆಹಚ್ಚಿ ನೂರಾರು ವ್ಯಾಪಾರಿಗಳ ನಿದ್ದೆ ಕೆಡಿಸಿದ ನಾನು ತಮ್ಮ ಹಿಂಭಾಗವನ್ನು ಇಣುಕಿ ನೋಡಿರಲಿಲ್ಲ.

ದರ್ಜಿ ಒಂದು ವಾರ ಬೇಕೆಂದ. ಸಮಾರಂಭ ಮರುದಿನ ಬೆಳಗ್ಗೆ. ಆದ್ದರಿಂದ ತಮ್ಮನ್ನೇ ಗುರುವೆಂದು ಒಪ್ಪಿಕೊಂಡೆ. ನನ್ನ ಹೆಂಡತಿ ಬಟ್ಟೆ ಒಣಹಾಕುವ ತಂತಿಯಿಂದ ಕೆಂಪು, ಹಳದಿ, ಹಸಿರು ಕ್ಲಿಪ್ಪುಗಳನ್ನು ಕಿತ್ತು ತಂದು ಹೆಗಲೆಲುಬುಗಳ ನಡುವೆ ಅಂಗಿಯನ್ನು ಹಿಡಿದು ಬಿಗಿದಳು. ಕನ್ನಡಿಯಲ್ಲಿ ಎದುರಿನಿಂದ ನಾನು ಸಾಕ್ಷಾತ್ ತಾವೇ, ತಲೆಯೊಂದು ಹೆಚ್ಚುವರಿ. ಮಗಳು ನೋಡಿ ಹುಬ್ಬೇರಿಸಿ, ಅಪ್ಪನೂ ಬರಲಿ ಎಂದಳು.

ಸಭಾಂಗಣದಲ್ಲಿ, ಶತ್ರುವಿಗೆ ಎಂದೂ ಬೆನ್ನು ತೋರಿಸದ ವೀರನಂತೆ ಗೋಡೆಗೆ ಅಂಟಿಕೊಂಡು ನಿಂತೆ. ಕುರ್ಚಿ ತಂದವರಿಗೆ ಸೊಂಟನೋವೆಂದೆ. ಹೇಳಿಕೇಳಿ ನರ್ಸಿಂಗ್ ಕಾಲೇಜು, ನಾಲ್ವರು ಹುಡುಗಿಯರು ಸೊಂಟ ಪರೀಕ್ಷಿಸಲು ಬಂದೇಬಿಟ್ಟರು. ಅವರಿಂದ ಪಾರಾಗುವಷ್ಟರಲ್ಲಿ, ಪ್ರಮಾಣಪತ್ರವನ್ನು ತಂದೆತಾಯಿಯೊಂದಿಗೆ ವೇದಿಕೆಯ ಮೇಲೆ ಪಡೆಯಬೇಕೆಂದು ಪ್ರಾಂಶುಪಾಲರು ಸಾರಿದರು. ವೇದಿಕೆಗೆ ಏಳು ಮೆಟ್ಟಿಲು, ಸಭಿಕರು ಮುನ್ನೂರು, ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತುವ ವಿದ್ಯೆ ನನಗೆ ಬಾರದು. ಎರಡನೇ ಮೆಟ್ಟಿಲಿಗೆ ಮೊದಲ ಸಾಲು ನಕ್ಕಿತು, ಮೂರನೆಯದಕ್ಕೆ ಇಡೀ ಸಭೆ. ಮೇಲೆ ತಾಯಿಯ ಪಕ್ಕ ನಿಂತಿದ್ದ ಮಗಳ ಮುಖ ನೋಡುವ ಧೈರ್ಯವಾಗದೆ ನಾನು ಅಲ್ಲೇ ಕಲ್ಲಾದೆ. ಅವಳು ದಡದಡ ಇಳಿದು ಬಂದಳು, ನನ್ನನ್ನು ದಾಟಿ ಹಿಂದಕ್ಕೆ ಹೋದಳು, ಕ್ಲಿಪ್ಪುಗಳ ಮೇಲೆ ಅಂಗೈ ಅಗಲಿಸಿ ಇಟ್ಟಳು. "ನಡೀರಿ ಅಪ್ಪ," ಎಂದಳು, "ನಾನು ಹಿಂದೆ ಇದ್ದೀನಿ."

ಈಗ ತಮ್ಮಲ್ಲಿ ನನ್ನ ಪ್ರಾರ್ಥನೆ. ತಾವು ವರ್ಷಕ್ಕೊಂದು ದಿನವಾದರೂ ಬೀದಿಗೆ ಬೆನ್ನು ಮಾಡಿ ನಿಲ್ಲಬೇಕು. ಹೊಟ್ಟೆ ತುಂಬ ಉಂಡು, ಅದೇ ಅಂಗಿಯಲ್ಲಿ ಒಮ್ಮೆ ಕೂತು, ಬಗ್ಗಿ ಚಪ್ಪಲಿ ಹಾಕಿಕೊಂಡು ತೋರಿಸಬೇಕು. ಸಾಧ್ಯವಾದರೆ ನಲವತ್ತು ದಾಟಬೇಕು. ಇದಾವುದೂ ಆಗದಿದ್ದರೆ ಬೇಸರವಿಲ್ಲ. ನಿನ್ನೆ ಸಮಾರಂಭದ ಫೋಟೋ ಬಂತು. ಅಂಗಿ ತಮ್ಮ ಮೈಮೇಲಿದ್ದಷ್ಟೇ ಒಪ್ಪವಾಗಿ ಕಾಣುತ್ತದೆ. ಪಕ್ಕದಲ್ಲಿ ಮಗಳು ನಗುತ್ತಿದ್ದಾಳೆ, ಎಡಗೈಯಲ್ಲಿ ಪ್ರಮಾಣಪತ್ರವಿದೆ. ಬಲಗೈ ಎಲ್ಲಿ ಹೋಯಿತೆಂದು ನೋಡಿದವರೆಲ್ಲ ಕೇಳುತ್ತಾರೆ.

ಎದುರಿನಿಂದ ನೋಡಿದಾಗ ಮಾತ್ರ,
ತಮ್ಮ ವಿಶ್ವಾಸಿ,
ಅಳತೆಗೆ ಸಿಗದ ಅಳತೆ ಇನ್‌ಸ್ಪೆಕ್ಟರ್

ಮತ್ತೊಂದು ಮಾತು: ಅಂದು ತಮ್ಮ ಬೆನ್ನ ಜೊತೆಗೆ ಪಕ್ಕದ ಮೇಜಿನ ಮೇಲಿದ್ದ, ಬಿಡಿ ಬಟ್ಟೆ ಅಳೆಯುವ ಮೀಟರ್ ಕೋಲನ್ನೂ ನೋಡಿದೆ. ಅದರ ಮೇಲಿನ ನಮ್ಮ ಇಲಾಖೆಯ ಮುದ್ರೆಯ ಅವಧಿ ಮುಗಿದು ಎರಡು ವರ್ಷವಾಗಿದೆ. ಸೋಮವಾರ ತಪಾಸಣೆಗೆ ಬರುತ್ತೇನೆಂದು ಮಾಲೀಕರಿಗೆ ತಿಳಿಸುವ ಕೃಪೆ ಮಾಡಬೇಡಿ. ತಮಗೆ ಬಾಯಿಲ್ಲದ್ದು ಎಷ್ಟು ಒಳ್ಳೆಯದೆಂದು ಈಗ ಅರ್ಥವಾಗುತ್ತಿದೆ.