ಬಾಡಿಗೆ ಮಣ್ಣಿನ ಬೂದುಗುಂಬಳ

ಒಂದು ಕೋಣೆಯಗಲ ಮಣ್ಣು ಬಾಡಿಗೆಗೆ ತೆಗೆದುಕೊಂಡವನಿಗೆ ತರಕಾರಿ ಸಿಗುತ್ತದೋ ಇಲ್ಲವೋ, ವಾರಕ್ಕೊಂದು ಪಂಚಾಯಿತಿ ಮಾತ್ರ ಖಾತ್ರಿ. ನನಗಂತೂ ಒಂದು ವಾರವೂ ತಪ್ಪಿಲ್ಲ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಒಳಗೆ ಬರುವ ಮಾಲನ್ನೆಲ್ಲ ಅನುಮಾನದಿಂದ ನೋಡುವುದಕ್ಕೇ ನನಗೆ ಸಂಬಳ. ಸರಿ ಇದ್ದರೆ ಹಳದಿ ಪೇಂಟ್ ಪೆನ್ನಿನಲ್ಲಿ ‘ಓಕೆ’ ಅಂತ ಬರೆದು ಕೆಳಗೆ ಸೈನ್ ಹಾಕುತ್ತೇನೆ. ಇಷ್ಟು ವರ್ಷ ಇದೇ ಮಾಡಿ ಮಾಡಿ ಬುದ್ಧಿಯೂ ಹಾಗೇ ಆಗಿದೆ. ಹೋಟೆಲಿನಲ್ಲಿ ಇಡ್ಲಿ ಕೊಟ್ಟರೂ ಒಮ್ಮೆ ತಿರುಗಿಸಿ ನೋಡುತ್ತೇನೆ. ಇಂಥವನು ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿದ್ದುಕೊಂಡು, ಮಾದಾವರದಾಚೆಯ ಒಂದು ಹಳ್ಳಿಯಲ್ಲಿ ತರಕಾರಿ ಬೆಳೆಯಲು ಬಾಡಿಗೆ ಮಣ್ಣು ಹಿಡಿದೆ.

ಫ್ಯಾಮಿಲಿಯಾ, ಬ್ಯಾಚುಲರ್ಸಾ?

ಆ ಜಮೀನಿನ ಯಜಮಾನರು ಹಿಂದೆ ರಾಗಿ ಬೆಳೆಯುತ್ತಿದ್ದವರು. ಈಗ ಹೊಲವಿದ್ದ ಕಡೆಯೆಲ್ಲ ಸಾಲುಮನೆ ಕಟ್ಟಿಸಿ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಉಳಿದ ಒಂದೇ ತುಂಡು ಹೊಲಕ್ಕೆ ಹಗ್ಗ ಕಟ್ಟಿ, ಚಿಕ್ಕ ಚಿಕ್ಕ ಭಾಗ ಮಾಡಿ, ಅದನ್ನೂ ಬಾಡಿಗೆಗೆ ಬಿಟ್ಟಿದ್ದರು. ಮನೆ ಬಾಡಿಗೆಗೆ ಕೊಟ್ಟು ಅಭ್ಯಾಸವಾದ ಬಾಯಿ. ನಾನು ಜಾಗ ನೋಡಲು ಹೋದಾಗ ಮೊದಲು ಕೇಳಿದ್ದು, ಫ್ಯಾಮಿಲಿಯಾ ಬ್ಯಾಚುಲರ್ಸಾ ಅಂತ. ಫ್ಯಾಮಿಲಿ ಅಂದೆ. ಎಷ್ಟು ಜನ ಅಂದರು. ನೀರು ಒಂದು ದಿನ ಬಿಟ್ಟು ಒಂದು ದಿನ ಅಂದರು. ರಾತ್ರಿ ಹತ್ತರ ಮೇಲೆ ಬರುವ ಹಾಗಿಲ್ಲ ಅಂದರು.

ಹತ್ತು ತಿಂಗಳ ಅಡ್ವಾನ್ಸ್ ಕೇಳಿದಾಗ ನನ್ನ ಒಳಗಿನ ಇನ್‌ಸ್ಪೆಕ್ಟರ್ ಎಚ್ಚರವಾದ. ಬಿಡುವಾಗ ಪೂರ್ತಿ ವಾಪಸ್ ಕೊಡುತ್ತೀರಾ ಅಂತ ಕೇಳಿದೆ.

“ಕೊಡ್ತೀನಿ ಸಾ. ಒಂದ್ ತಿಂಗ್ಳುದ್ ಮಾತ್ರ ಪೇಂಟಿಂಗಿಗೆ ಇಡ್ಕತೀನಿ.”

ಮಣ್ಣಿಗೆ ಎಂಥ ಪೇಂಟಿಂಗು ಅಂದೆ. ಅವರು ನನ್ನನ್ನೇ ಅನುಮಾನದಿಂದ ನೋಡಿದರು.

“ನೀವ್ ಖಾಲಿ ಮಾಡಿದ್ ಮ್ಯಾಲೆ ಇನ್ನೊಬ್ರಿಗೆ ತೋರ್ಸೋಕಾದ್ರೂ ಕೆಂಪಗೆ ಕಾಣ್ಬೇಡ್ವಾ ಸಾ?”

ಅಂಗಿಯ ವಾಸನೆ

ನಾನು ಪ್ರತಿ ಭಾನುವಾರ ಬೆಳಿಗ್ಗೆ ಎದ್ದು ಮೆಟ್ರೋ ಹತ್ತುವುದು ನೋಡಿ ಮನೆಯವಳಿಗೆ ಅನುಮಾನ ಶುರುವಾಯಿತು. ತುಮಕೂರು ರಸ್ತೆಯಲ್ಲಿ ಡಾಬಾಗಳಿಗೆ ಏನು ಕಡಿಮೆ? ಗಂಡ ತೋಟ ಅಂತ ಹೇಳಿ ಹೋಗುತ್ತಾನೆ, ಕಣ್ಣು ಕೆಂಪು ಮಾಡಿಕೊಂಡು ಬರುತ್ತಾನೆ, ಚೀಲದಲ್ಲಿ ಮಾತ್ರ ಏನೂ ಇಲ್ಲ. ಒಂದು ಭಾನುವಾರ ನಾನು ಸ್ನಾನಕ್ಕೆ ಹೋದಾಗ ನನ್ನ ಅಂಗಿ ಎತ್ತಿಕೊಂಡು ಮೂಸಿ ನೋಡಿದಳು. ಅವತ್ತು ನಾನು ಹಸಿ ಸಗಣಿ ಗೊಬ್ಬರ ಹೊತ್ತಿದ್ದೆ. ನಾನು ಹೊರಗೆ ಬರುವಷ್ಟರಲ್ಲಿ ಅಂಗಿ ಬಾಲ್ಕನಿಯಾಚೆ ಕೋಲಿನ ತುದಿಯಲ್ಲಿತ್ತು. “ಕುಡಿಯೋರು ಇದಕ್ಕಿಂತ ವಾಸಿ ಕಣ್ರೀ,” ಅಂದಳು.

ಅವಳ ಅನುಮಾನ ಹೋಯಿತು, ಆದರೆ ಲೆಕ್ಕಾಚಾರ ಬಂತು. ಬಾಡಿಗೆ, ಬೀಜ, ಗೊಬ್ಬರ, ಮೆಟ್ರೋ, ಆಮೇಲೆ ಅಲ್ಲಿಂದ ಆಟೋ. ಆ ತಿಂಗಳು ತೋಟದಿಂದ ಬಂದಿದ್ದು ಎರಡು ಹಿಡಿ ದಂಟಿನ ಸೊಪ್ಪು. ಅದರ ಸಾರು ಮಾಡಿದ ದಿನವೇ ಅವಳ ಅಣ್ಣ ಊಟಕ್ಕೆ ಬಂದರು. ಚೆನ್ನಾಗಿದೆ ಅಂತ ಎರಡನೇ ಸಲ ಬಡಿಸಿಕೊಂಡರು. ಮೂರನೇ ಸಲ ತಟ್ಟೆ ಮುಂದೆ ಮಾಡಿದಾಗ ಇವಳು ಸೌಟು ಹಿಂದಕ್ಕೆ ತೆಗೆದುಕೊಂಡಳು.

“ಅಣ್ಣಾ, ಮೊದ್ಲು ಚಿಕನ್ ಸಾರು ಮುಗ್ಸು. ಇದು ದುಬಾರಿ.”

ಆ ರಾತ್ರಿಯೇ ತೀರ್ಪು ಹೊರಬಿತ್ತು. ದಸರಾ ಒಳಗೆ ಹಬ್ಬದ ಅಡುಗೆಗೆ ಆಗುವಂಥದ್ದು ಒಂದಾದರೂ ತೋಟದಿಂದ ಬರಬೇಕು, ಇಲ್ಲದಿದ್ದರೆ ಅಡ್ವಾನ್ಸ್ ವಾಪಸ್ ಇಸಿದುಕೊಂಡು ಬರಬೇಕು. ನಾನು ಹೂಂ ಅಂದೆ, ಆದರೆ ನಿದ್ದೆ ಬರಲಿಲ್ಲ. ನಿಜ ಹೇಳುತ್ತೇನೆ, ಆ ಜಾಗ ನನಗೆ ಬೇಕಿತ್ತು. ವಾರವಿಡೀ ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವವನಿಗೆ, ತಾನೇ ಏನಾದರೂ ಮಾಡುವ ಜಾಗ ಅಂತ ಇದ್ದದ್ದು ಅದೊಂದೇ.

ಕಂಬದ ಮೇಲಿನ ಕಣ್ಣು

ನನ್ನ ಪಕ್ಕದ ತುಂಡು ಒಬ್ಬ ಸಾಫ್ಟ್‌ವೇರ್ ಹುಡುಗನದು. ಅವನು ಬಿತ್ತನೆಗೆ ಮೊದಲೇ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದ. ಏನಾದರೂ ಅಲುಗಾಡಿದ್ದು ಕಂಡರೆ ಅದು ಅವನ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತಿತ್ತು. ಆ ಹೊಲದಲ್ಲಿ ಅಲುಗಾಡುವ ವಸ್ತು ಅಂದರೆ ನಾನು. ಬೆನ್ನು ತುರಿಸಿಕೊಂಡರೂ ವೈಟ್‌ಫೀಲ್ಡಿನಲ್ಲಿ ಯಾರಿಗೋ ಗೊತ್ತಾಗುತ್ತದೆ ಅನ್ನುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು.

ಒಂದು ಭಾನುವಾರ ಯಾರದೋ ಹಸು ಒಳಗೆ ನುಗ್ಗಿ ಅವನ ಬದನೆ ಗಿಡಕ್ಕೆ ಬಾಯಿ ಹಾಕಿತು. ನಾನು ಪುಣ್ಯ ಕಟ್ಟಿಕೊಳ್ಳೋಣ ಅಂತ ಓಡಿಹೋಗಿ ಅಟ್ಟಿದೆ. ತಕ್ಷಣ ಫೋನ್ ಬಂತು.

“ಅಂಕಲ್, ನನ್ ಬದನೆಕಾಯಿ ಹತ್ರ ಏನ್ ಮಾಡ್ತಿದೀರ?”

ಹಸು ಬಂದಿತ್ತಪ್ಪಾ ಅಂದೆ. ಕ್ಯಾಮೆರಾದಲ್ಲಿ ಹಸು ಕಾಣಿಸುತ್ತಿಲ್ಲ, ನೀವು ಮಾತ್ರ ಕಾಣಿಸುತ್ತಿದ್ದೀರಿ ಅಂದ. ಗಿಡ ತಿಂದಿದ್ದು ಯಾರು ಅಂತ ಆ ಹುಡುಗ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ, ಆದರೆ ನನ್ನನ್ನು ನೋಡಿದಾಗಲೆಲ್ಲ ಅವನ ಕಣ್ಣು ಹಲ್ಲಿನ ಕಡೆಗೇ ಹೋಗುತ್ತದೆ.

ದಸರಾ ಹತ್ತಿರ ಬಂದಾಗ ಆ ಕ್ಯಾಮೆರಾವನ್ನೇ ಯಾರೋ ಬಿಚ್ಚಿಕೊಂಡು ಹೋದರು. ಕಳ್ಳನ ಮುಖ ಸ್ಪಷ್ಟವಾಗಿ ರೆಕಾರ್ಡ್ ಆಗಿರುತ್ತದೆ ಅಂತ ಹುಡುಗ ಖುಷಿಯಾಗಿ ಹೇಳಿದ. ರೆಕಾರ್ಡಿಂಗ್ ಎಲ್ಲಿರುತ್ತದೆ ಅಂತ ಕೇಳಿದೆ.

“ಕ್ಯಾಮೆರಾ ಒಳಗೆ, ಅಂಕಲ್,” ಅಂದ.

ಓಕೆ

ಕ್ಯಾಮೆರಾ ಕಳುವಾದ ಮೇಲೆ ನನಗೆ ಹೆದರಿಕೆ ಹತ್ತಿತು. ಯಾಕೆಂದರೆ ನನ್ನ ಬೇಲಿಯ ಮೇಲೆ ಒಂದು ಬೂದುಗುಂಬಳ ಬೆಳೆದಿತ್ತು. ಒಂದೇ ಒಂದು, ಆದರೆ ಎರಡೂ ಕೈಯಲ್ಲಿ ತಬ್ಬಿ ಎತ್ತುವಂಥದ್ದು. ವಿಜಯದಶಮಿಗೆ ಭಾವನ ಮನೆಯವರೆಲ್ಲ ಊಟಕ್ಕೆ ಬರುವವರಿದ್ದರು. ಅದರಲ್ಲಿ ಒಂದು ಕೊಳಗ ಮಜ್ಜಿಗೆ ಹುಳಿ ಆಗಿಬಿಟ್ಟರೆ ನನ್ನ ತೋಟ ಉಳಿದ ಹಾಗೆ. ಆದರೆ ಅದರ ಹಿಂದಿನ ದಿನ ಆಯುಧ ಪೂಜೆ. ಪೀಣ್ಯದಲ್ಲಿ ಅವತ್ತು ಪ್ರತಿ ಗೇಟಿನ ಮುಂದೆಯೂ ಬೂದುಗುಂಬಳ ಒಡೆಯಬೇಕು, ಅದಕ್ಕೆ ಚಿನ್ನದ ಬೆಲೆ ಬರುತ್ತದೆ. ಎದುರಿಗೆ ಬಂದವರೆಲ್ಲ ನನಗೆ ಕುಂಬಳಕಾಯಿ ಕಳ್ಳರಂತೆಯೇ ಕಂಡರು. ಕದ್ದರೂ ಗುರುತು ಸಿಗಲಿ ಅಂತ, ಕಾಯಿಯ ಮೇಲಿನ ಬೂದಿಯನ್ನು ಕರ್ಚೀಫಿನಲ್ಲಿ ಒರೆಸಿ, ಹಳದಿ ಪೆನ್ನಿನಲ್ಲಿ ‘ಓಕೆ’ ಅಂತ ಬರೆದು ಸೈನ್ ಹಾಕಿದೆ.

ಆಯುಧ ಪೂಜೆಯ ಹಿಂದಿನ ಸಂಜೆ ಶಿಫ್ಟ್ ಮುಗಿಸಿ ಕೀಳಲು ಹೋದರೆ ಬೇಲಿಯ ಮೇಲೆ ಬಳ್ಳಿ ಇತ್ತು, ಕಾಯಿ ಇರಲಿಲ್ಲ. ಯಜಮಾನರ ಮನೆಗೆ ಬೀಗ. ಸಾಫ್ಟ್‌ವೇರ್ ಹುಡುಗನಿಗೆ ಫೋನ್ ಮಾಡಿದರೆ, ಕ್ಯಾಮೆರಾ ಇದ್ದಿದ್ದರೆ ನೋಡಿ ಹೇಳುತ್ತಿದ್ದೆ ಅಂದ. ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಮನೆಯವಳು ಚೀಲ ನೋಡಿದಳು, ಬೈಯಲಿಲ್ಲ. ಹಬ್ಬ ಮುಗಿದ ಮೇಲೆ ಅಡ್ವಾನ್ಸ್ ಕೇಳಿ ಬನ್ನಿ ಅಂತ ಮೆಲ್ಲಗೆ ಹೇಳಿದಳು. ಬೈದಿದ್ದರೇ ವಾಸಿಯಿತ್ತು.

ಮಾರನೇ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಮಂಗಳಾರತಿ ಆಗಿ, ಎಲ್ಲರೂ ಗೇಟಿನ ಮುಂದೆ ನಿಂತೆವು. ನಮ್ಮ ಸ್ಟೋರ್ಸಿನವನು ಕರ್ಪೂರ ಉರಿಯುತ್ತಿದ್ದ ಬೂದುಗುಂಬಳವನ್ನು ಎತ್ತಿ ನಿವಾಳಿಸತೊಡಗಿದ. ಕಾಯಿ ಒಂದು ಸುತ್ತು ತಿರುಗಿತು. ಕುಂಕುಮದ ನಡುವೆ ಹಳದಿ ಬಣ್ಣದಲ್ಲಿ ನನ್ನ ಸೈನ್ ಕಾಣಿಸಿತು.

ನಿಲ್ಲಿಸು ಅಂತ ಕೂಗಿಬಿಟ್ಟೆ. ಮ್ಯಾನೇಜರು ಬೆಚ್ಚಿ ನೋಡಿದರು. ಅದು ನಂದು ಅಂದೆ. ಸ್ಟೋರ್ಸಿನವನಿಗೆ ಹೆಮ್ಮೆಯೋ ಹೆಮ್ಮೆ.

“ನಿಮ್ದೇ ಸಾರ್. ನಿನ್ನೆ ಹೈವೇ ಪಕ್ಕ ರಾಶಿ ಹಾಕಿದ್ರು. ಅದ್ರಲ್ಲಿ ಇದೊಂದೇ ಪಾಸಾಗಿದ್ದು. ನೀವೇ ಮುಂಚೆ ಬಂದು ಚೆಕ್ ಮಾಡಿ ಹೋಗಿದೀರ ಅನ್ಕೊಂಡು, ಆಯಮ್ಮ ಕೇಳಿದಷ್ಟು ಕೊಟ್ಟು ತಂದೆ.”

ಕರ್ಪೂರ ಆರುತ್ತಿತ್ತು, ಪೂಜೆ ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಒಡಿ ಅಂದೆ. ನನ್ನ ಮಜ್ಜಿಗೆ ಹುಳಿ ಪೀಣ್ಯದ ರಸ್ತೆಯ ಮೇಲೆ ಹೋಳಾಗಿ ಬಿತ್ತು. ದೃಷ್ಟಿ ಹೋಯಿತು ಅಂತ ಮ್ಯಾನೇಜರು ನನಗೇ ಮೊದಲು ಕಡಲೆಪುರಿ ಕೊಟ್ಟರು.

ಸಂಜೆ ಜಗಳ ಆಡಲೆಂದೇ ಯಜಮಾನರ ಮನೆಗೆ ಹೋದೆ. ಅವರು ನನ್ನನ್ನು ನೋಡುತ್ತಲೇ ತಲೆ ಕೆರೆದುಕೊಂಡರು. ಕ್ಯಾಮೆರಾ ಹೋದ ಮೇಲೆ ಅವರಿಗೂ ಊರಿನವರ ಮೇಲೆ ಅನುಮಾನ ಬಂದು, ನನಗೋಸ್ಕರವೇ ಕಾಯಿ ಕಿತ್ತು ಜೋಪಾನವಾಗಿ ಮನೆಯಲ್ಲಿಟ್ಟು, ಹೆಂಡತಿಗೆ ಹೇಳುವುದನ್ನು ಮರೆತು ನೆಂಟರ ಮನೆಗೆ ಹೋಗಿದ್ದರು. ಹಿತ್ತಲಿನ ಕಾಯಿಗಳನ್ನೆಲ್ಲ ಮಾರಲು ಹೈವೇಗೆ ಸಾಗಿಸಿದ ಆಯಮ್ಮ ಇದನ್ನೂ ಸೇರಿಸಿಬಿಟ್ಟಿದ್ದರು.

“ಬಾಯಿಗೆ ಬಂದಂಗೆ ಒಂದ್ ರೇಟ್ ಏಳ್ದೆ,” ಅಂದರು ಆಯಮ್ಮ. “ಆವಪ್ಪ ಚೌಕಾಸಿನೇ ಮಾಡ್ನಿಲ್ಲ. ಅಂಗೇ ತಬ್ಕಂಡು ಓದ. ನಂಗೇ ಅನ್ಮಾನ ಬಂತು.”

ಆ ದುಡ್ಡಿಗೆ ಸರಿಯಾಗಿ ಎರಡು ತಿಂಗಳ ಬಾಡಿಗೆ ಕೊಡಬೇಡಿ ಅಂದರು ಯಜಮಾನರು. ನಾನು ಆಡಬೇಕೆಂದಿದ್ದ ಜಗಳ ಹಾಗೇ ಉಳಿಯಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಮನೆಯವಳು ಮೊದಲು ನಂಬಲಿಲ್ಲ. ಕೈ, ಬಾಯಿ, ಕೊನೆಗೆ ಅಂಗಿಯನ್ನೂ ಮೂಸಿ ನೋಡಿದಳು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು. ಅಡ್ವಾನ್ಸ್ ನಾಳೆಯೇ ಕೇಳಲಾ ಅಂತ ಕೇಳಿದೆ.

“ಅಡ್ವಾನ್ಸ್ ಅಲ್ಲೇ ಇರ್ಲಿ ಬಿಡಿ,” ಅಂದಳು. “ಮುಂದಿನ್ ವರ್ಷ ಬೇಲಿ ತುಂಬ ಕುಂಬಳ ಹಾಕಿ. ಕಾಯಿ ಬೆಳೆಯೋದು ಆಮೇಲೆ. ಹೀಚು ಕಟ್ಟಿದ್ ಕೂಡ್ಲೇ ಎಲ್ಲಕ್ಕೂ ಸೈನ್ ಹಾಕ್ಬಿಟ್ಟು ಬನ್ನಿ.”